ಕೇಳಲಿಲ್ಲ ಅಂತ ಹೇಳದೆ ಇರಬಹುದೇ?

ಮಾನ್ಯ ಸಂಪಾದಕರೇ,

ರೋಡ್ಸ್ ದ್ವೀಪದಲ್ಲಿ ಬರ. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಹಡಗು ತುಂಬ ಧಾನ್ಯ ತರುತ್ತಾನೆ. ಹಿಂದೆ ಇನ್ನಷ್ಟು ಹಡಗುಗಳು ಬರುತ್ತಿರುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಅದನ್ನು ಊರಿನವರಿಗೆ ಹೇಳಬೇಕೋ, ಸುಮ್ನೆ ಇದ್ದು ಜಾಸ್ತಿ ಬೆಲೆಗೆ ಮಾರಬೇಕೋ?

ರೋಮ್‌ನ ರಾಜಕಾರಣಿ, ಚಿಂತಕ ಸಿಸೆರೊ ಕ್ರಿ.ಪೂ. 44ರಲ್ಲಿ, ಅಥೆನ್ಸ್‌ನಲ್ಲಿ ಓದುತ್ತಿದ್ದ ಮಗನಿಗೆಂದು ಬರೆದ ಪುಸ್ತಕದಲ್ಲಿ ಈ ಪ್ರಶ್ನೆ ಬರುತ್ತದೆ. ಅದರಲ್ಲಿ ಇಬ್ಬರು ತತ್ತ್ವಜ್ಞಾನಿಗಳ ವಾದ ಇದೆ. ಸುಳ್ಳು ಹೇಳದಿದ್ದರೆ ಸಾಕು ಎಂದ ಬ್ಯಾಬಿಲೋನಿನ ಡಯೋಜೆನಿಸ್. ಅವನ ಶಿಷ್ಯ ಆಂಟಿಪೇಟರ್ ಒಪ್ಪಲಿಲ್ಲ, ಗೊತ್ತಿರುವುದೆಲ್ಲ ಹೇಳಬೇಕು ಎಂದ. ಸಿಸೆರೊ ನಿಂತದ್ದು ಶಿಷ್ಯನ ಕಡೆ. ಕೊಳ್ಳುವವನಿಗೆ ತಿಳಿಯಬೇಕಾದ್ದನ್ನು ತನ್ನ ಲಾಭಕ್ಕಾಗಿ ಬಚ್ಚಿಡುವವನು ಸಜ್ಜನನಲ್ಲ ಎನ್ನುತ್ತಾನೆ. ‘ನೀವು ಕೇಳಲಿಲ್ಲ, ನಾನು ಹೇಳಲಿಲ್ಲ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ ಅಲ್ವಾ?

ಅದೇ ಪುಸ್ತಕದಲ್ಲಿ ಸ್ಕೇವೊಲಾ ಎಂಬವನಿದ್ದಾನೆ. ಜಮೀನು ಕೊಳ್ಳಲು ಹೋದ. ಮಾರುವವನು ಬೆಲೆ ಹೇಳಿದ. ‘ಇದು ಇನ್ನೂ ಹೆಚ್ಚು ಬಾಳುತ್ತದೆ’ ಎಂದು ಇವನೇ ಒಂದು ಲಕ್ಷ ಸೆಸ್ಟರ್ಸ್ (ರೋಮ್‌ನ ನಾಣ್ಯ) ಸೇರಿಸಿ ಕೊಟ್ಟ! ಇದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಪುಟ ಮಗುಚಲು ಮನಸ್ಸಾಗಲಿಲ್ಲ.

ಇಂಥ ಕತೆಗಳನ್ನು ದಯವಿಟ್ಟು ನಿಮ್ಮ ಮಕ್ಕಳ ಪುಟದಲ್ಲಿ ಹಾಕಿ. ಉತ್ತರ ಕೊಡಬೇಡಿ, ಧಾನ್ಯದ ಹಡಗಿನ ಪ್ರಶ್ನೆಯನ್ನಷ್ಟೇ ಕೇಳಿ.

– ಒಬ್ಬ ಓದುಗ, ಮೈಸೂರು