ರಾಯಚೂರು ಸಂಸದರಿಗೆ: ಪ್ಲಾಸ್ಮಾ ಬಗ್ಗೆ ಒಂದು ಪ್ರಶ್ನೆ ಕೇಳಿ

ಮಾನ್ಯ ಲೋಕಸಭಾ ಸದಸ್ಯರೇ,

ನಾನು ರಾಯಚೂರಿನ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಏಮ್ಸ್ ಬಗ್ಗೆ, ಕಾಲುವೆ ನೀರಿನ ಬಗ್ಗೆ ನಿಮಗೆ ಬೇಕಾದಷ್ಟು ಪತ್ರ ಬರುತ್ತವೆ. ಆ ಬೇಡಿಕೆಗಳು ನನ್ನವೂ ಹೌದು. ಆದರೆ ಈ ಪತ್ರ ಬೇರೆ ವಿಷಯಕ್ಕೆ.

ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಆರ್‌ಟಿಪಿಎಸ್ 1985ರಿಂದ ರಾಜ್ಯಕ್ಕೆ ಕರೆಂಟ್ ಕೊಡುತ್ತಿದೆ. ಆಮೇಲೆ ಯರಮರಸ್‌ನಲ್ಲಿ 800 ಮೆಗಾವಾಟ್‌ನ ಎರಡು ಘಟಕ ಬಂದವು. ಕರೆಂಟ್ ಊರೂರಿಗೆ ಹೋಯಿತು, ಹಾರುಬೂದಿ ಇಲ್ಲೇ ಉಳಿಯಿತು. ಕಲ್ಲಿದ್ದಲಿನ ನಂತರ ಏನು ಅಂತ ಕೇಳುವ ಹಕ್ಕು ನಮಗೆ ಸ್ವಲ್ಪ ಜಾಸ್ತಿಯೇ ಇದೆ, ಅಲ್ವಾ?

ಆ ಮಾತು ಬಂದಾಗ ಫ್ಯೂಷನ್, ಅಂದರೆ ಹಗುರ ಪರಮಾಣು ಬೀಜಗಳನ್ನು ಕೂಡಿಸಿ ಶಕ್ತಿ ಪಡೆಯುವ ವಿಧಾನದ ಹೆಸರೂ ಬರುತ್ತದೆ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಅಂತರರಾಷ್ಟ್ರೀಯ ಫ್ಯೂಷನ್ ಯಂತ್ರ ಐಟರ್‌ನಲ್ಲಿ ಭಾರತ 2005ರಿಂದ ಪಾಲುದಾರ. ಅದರ ಭಾರೀ ಹೊರಕವಚವಾದ ಕ್ರಯೋಸ್ಟ್ಯಾಟ್‌ನ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾದವು. ಹೆಮ್ಮೆಯ ವಿಷಯವೇ. ಆದರೆ ಫ್ಯೂಷನ್‌ನ ಹಳೆಯ ಗೋಳು ಬೇರೆ ಕಡೆ ಇದೆ. ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನ್‌ಗಳು ಬೇರ್ಪಟ್ಟ ಅತಿ ಬಿಸಿ ಅನಿಲ, ಹೇಳಿದ ಮಾತು ಕೇಳುವುದಿಲ್ಲ.

ಹೈಡ್ರೋಜನ್‌ನ ಎರಡು ರೂಪಗಳಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಕೂಡಬೇಕಾದರೆ ಸುಮಾರು 15 ಕೋಟಿ ಡಿಗ್ರಿ ಬಿಸಿ ಬೇಕು. ಯಾವ ಪಾತ್ರೆಯೂ ಅದನ್ನು ತಡೆಯದು. ಹಾಗಾಗಿ ಟೋಕಮಾಕ್ ಎಂಬ ಬಳೆಯಾಕಾರದ ಯಂತ್ರದಲ್ಲಿ ಕಾಂತಗಳ ಬಲದಿಂದ ಪ್ಲಾಸ್ಮಾವನ್ನು ಗೋಡೆಗೆ ತಾಗದಂತೆ ಹಿಡಿಯುತ್ತಾರೆ. ಪ್ಲಾಸ್ಮಾದೊಳಗೆ ಹರಿಯುವ ಕರೆಂಟ್ ಮಿತಿ ಮೀರಿದರೆ, ಹುರಿ ಹೆಚ್ಚಾದ ಹಗ್ಗದಂತೆ ಅದು ಸುರುಳಿ ಸುತ್ತಿಕೊಂಡು ಗೋಡೆಯ ಕಡೆ ವಾಲುತ್ತದೆ. ಇದಕ್ಕೆ ಕಿಂಕ್ ಅನ್ನುತ್ತಾರೆ. ಟೇರಿಂಗ್ ಮೋಡ್ ಎಂಬುದರಲ್ಲಿ ಕಾಂತರೇಖೆಗಳು ಕಡಿದು ಬೇರೆ ರೀತಿ ಕೂಡಿಕೊಂಡು, ಬಿಸಿ ಹೊರಗೆ ಸೋರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಡಿಸ್ರಪ್ಷನ್. ಕೆಲವೇ ಮಿಲಿಸೆಕೆಂಡಿನಲ್ಲಿ ಪ್ಲಾಸ್ಮಾ ಕುಸಿದು ಬಿಸಿಯೆಲ್ಲ ಗೋಡೆಗೆ ಬಡಿಯುತ್ತದೆ. ಜನ ಹೆದರಬೇಕಿಲ್ಲ, ಒಳಗಿರುವ ಇಂಧನ ತೀರಾ ಕಡಿಮೆ. ಯಂತ್ರ ಮಾತ್ರ ಹಾಳಾಗುತ್ತದೆ.

1982ರಲ್ಲಿ ಜರ್ಮನಿಯ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಸ್ ವಾಗ್ನರ್ ಅವರ ತಂಡಕ್ಕೆ ಒಂದು ಅಚ್ಚರಿ ಕಂಡಿತು. ಬಿಸಿ ಒಂದು ಹಂತ ದಾಟಿದ ಮೇಲೆ ಪ್ಲಾಸ್ಮಾದ ಅಂಚಿನ ಗದ್ದಲ ತಾನಾಗಿ ತಗ್ಗಿ, ಶಕ್ತಿ ಸುಮಾರು ಎರಡು ಪಟ್ಟು ಹೊತ್ತು ಒಳಗೇ ನಿಂತಿತು. ಐಟರ್‌ನ ಲೆಕ್ಕಾಚಾರ ಈ ಸ್ಥಿತಿಯನ್ನೇ ನಂಬಿದೆ. ಆದರೆ ಅದರ ಜೊತೆಗೇ ಅಂಚಿನಲ್ಲಿ ಆಗಾಗ ಸಿಡಿಯುವ ಹೊಸ ಕಾಟವೂ ಬಂತು.

2023ರಲ್ಲಿ ಇಂಗ್ಲೆಂಡಿನ ಜೆಟ್ ಎಂಬ ಟೋಕಮಾಕ್ 69 ಮೆಗಾಜೂಲ್ ಫ್ಯೂಷನ್ ಶಕ್ತಿ ಪಡೆದು ದಾಖಲೆ ಮಾಡಿತು. ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 19 ಯೂನಿಟ್! ಆರ್‌ಟಿಪಿಎಸ್ ಜಾಗಕ್ಕೆ ನಾಳೆಯೇ ಫ್ಯೂಷನ್ ಬರುತ್ತದೆ ಅಂತ ಸುಮ್ನೆ ಆಸೆ ಹುಟ್ಟಿಸಲಾರೆ.

ನನ್ನ ಕೋರಿಕೆ ಇಷ್ಟು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಅಣುಶಕ್ತಿ ಇಲಾಖೆಯಡಿ ಬರುತ್ತದೆ. ಆದಿತ್ಯ ಟೋಕಮಾಕ್ 1989ರಲ್ಲಿ ಶುರುವಾಗಿದ್ದು ಅಲ್ಲೇ. ಫ್ಯೂಷನ್‌ಗೆ ಕೊಟ್ಟ ಹಣದಲ್ಲಿ ಕಿಂಕ್, ಟೇರಿಂಗ್, ಡಿಸ್ರಪ್ಷನ್‌ನಂಥ ಈ ಅಸ್ಥಿರತೆಗಳ ಸಂಶೋಧನೆಗೆ ಎಷ್ಟು ಹೋಗುತ್ತದೆ, ಎಷ್ಟು ಪಿಎಚ್‌ಡಿ ಸೀಟುಗಳಿವೆ, ಅದರಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳೆಷ್ಟು ಎಂದು ಲೋಕಸಭೆಯಲ್ಲಿ ಕೇಳಿ. ಯಂತ್ರ ಕಟ್ಟಲು ಕಾರ್ಖಾನೆ ಬೇಕು. ಅಸ್ಥಿರತೆಯ ಲೆಕ್ಕಕ್ಕೆ ಗಣಿತ, ಕಂಪ್ಯೂಟರ್, ತಾಳ್ಮೆ ಸಾಕು. ಮಾನ್ವಿ, ಸಿಂಧನೂರು, ಲಿಂಗಸುಗೂರಿನಿಂದ ಬರುವ ನನ್ನ ವಿದ್ಯಾರ್ಥಿಗಳಲ್ಲಿ ಇದನ್ನು ಮಾಡಬಲ್ಲವರಿದ್ದಾರೆ. ಇಂಥ ಕೆಲಸ ಇದೆ ಅಂತ ಅವರಿಗೆ ಹೇಳುವವರೇ ಇಲ್ಲ.

ಆ ಸಂಸ್ಥೆಯವರು ವರ್ಷಕ್ಕೊಮ್ಮೆ ರಾಯಚೂರಿನ ವಿಶ್ವವಿದ್ಯಾಲಯದಲ್ಲಿ ಒಂದು ವಾರದ ಶಿಬಿರ ನಡೆಸುವಂತೆ ಮಾಡಿದರೂ ಸಾಕು. ಲೋಕಸಭೆಯಲ್ಲಿ ಉತ್ತರ ಸಿಕ್ಕರೆ ಜಿಲ್ಲೆಯ ಕಾಲೇಜುಗಳಿಗೆ ಒಂದೊಂದು ಪ್ರತಿ ಕಳಿಸಿ. ನೋಟಿಸ್ ಬೋರ್ಡಿಗೆ ಹಚ್ಚುವ ಕೆಲಸ ನಮ್ಮದು.

ಇಂತಿ,
ರಾಯಚೂರಿನ ಒಬ್ಬ ಭೌತಶಾಸ್ತ್ರ ಉಪನ್ಯಾಸಕ