ಬಿಲ್ಲಿನ ಬೆನ್ನಿನ ಗಂಟನ್ನು ಸವರಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮರದ ಬಿಲ್ಲು ಮಾಡುವ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ಆದರೆ ಮರದಲ್ಲಿ ಗಂಟು ಸಿಕ್ಕರೆ ಸವರಿ ನುಣುಪು ಮಾಡಿ ಎಂಬ ಮಾತು ಅದರಲ್ಲಿದೆ. ಅದನ್ನು ನಂಬಿ ಬಿಲ್ಲು ಮಾಡಿದವರಿಗೆ ಪೆಟ್ಟಾಗಬಹುದು. ಅದಕ್ಕೇ ಈ ಪತ್ರ.

ನನ್ನ ಮೊದಲ ಬಿಲ್ಲು ಮುರಿದದ್ದು ಹಾಗೇ. ಅದರ ಬೆನ್ನಿನ ಮೇಲೆ, ಅಂದರೆ ಗುರಿಯ ಕಡೆಗಿರುವ ಮುಖದ ಮೇಲೆ, ಕಿರುಬೆರಳ ಉಗುರಿನಷ್ಟು ಗಂಟಿತ್ತು. ಚೆಂದ ಕಾಣಲಿ ಅಂತ ಅರದಿಂದ ಉಜ್ಜಿ ಸಮ ಮಾಡಿದೆ. ಮೂರನೇ ದಿನ ಹೆದೆ ಎಳೆದಾಗ ಟಪ್ ಅಂತ ಸದ್ದು. ಬಿಲ್ಲಿನ ಮೇಲಿನ ತೋಳು, ಅಂದರೆ ಹಿಡಿಯಿಂದ ಮೇಲಿನ ಭಾಗ, ಗಂಟಿದ್ದ ಜಾಗದಲ್ಲೇ ಸೀಳಿ, ಒಂದು ಚೂರು ಕಿವಿಯ ಪಕ್ಕದಿಂದ ಹಾರಿಹೋಯಿತು.

ಬಿಲ್ಲು ಬಾಗಿದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಹಿಗ್ಗುವ ಕಡೆ ಮರದ ಎಳೆ ತುಂಡಾಗಿರಬಾರದು. ಅದಕ್ಕೇ ಬೆನ್ನಿನ ಉದ್ದಕ್ಕೂ ಒಂದೇ ವರ್ಷದ ಉಂಗುರ, ಅಂದರೆ ಮರ ಒಂದು ವರ್ಷದಲ್ಲಿ ಬೆಳೆದ ಪದರ, ಉಳಿಸಿಕೊಳ್ಳುವುದು. ಗಂಟು ಅಂದರೆ ಕೊಂಬೆಯ ಬುಡ ಅಲ್ವಾ? ಎಳೆಗಳು ಅದನ್ನು ಬಳಸಿಕೊಂಡು ಹೋಗಿರುತ್ತವೆ. ಸುತ್ತಲಿನ ಉಂಗುರ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬು ಸವರಿದರೆ, ಬಳಸಿಹೋದ ಎಳೆಗಳನ್ನೇ ಕಡಿದಂತೆ.

ಈಗ ಗಂಟು ಹತ್ತಿರವಾದರೆ ನಾನು ಕತ್ತಿ ಕೆಳಗಿಡುತ್ತೇನೆ. ಅಲ್ಲಿ ಎಳೆ ತಿರುಗುವುದರಿಂದ ಕತ್ತಿ ಕಚ್ಚಿ ಚಕ್ಕೆ ಎಬ್ಬಿಸುತ್ತದೆ. ಚಾಕುವಿನ ಅಂಚಿನಿಂದ ಮೆಲ್ಲಗೆ ಕೆರೆಯುತ್ತೇನೆ. ಉಂಗುರ ಏರಿದರೆ ನಾನೂ ಏರುತ್ತೇನೆ, ಇಳಿದರೆ ಇಳಿಯುತ್ತೇನೆ. ಒಂದು ಗಂಟಿಗೆ ಒಂದು ಸಂಜೆ ಹೋದರೂ ಬೇಸರವಿಲ್ಲ. ಗಂಟು ಅಂಚಿನಲ್ಲಿದ್ದರೆ ಅಂಚನ್ನು ನೇರವಾಗಿ ಕೊಯ್ಯದೆ, ಎಳೆಯ ಜೊತೆ ಹೊರಗೆ ಬಳಸಿ ತರುತ್ತೇನೆ. ನಡುವೆ ಇದ್ದರೆ ಆ ಜಾಗದಲ್ಲಿ ತೋಳನ್ನು ತುಸು ಅಗಲ ಬಿಡುತ್ತೇನೆ. ಸೂಜಿ ಚುಚ್ಚಿದರೆ ಪುಡಿಯಾಗುವ ಸತ್ತ ಗಂಟನ್ನು ಮಾತ್ರ ಕೆದಕಿ ತೆಗೆಯುತ್ತೇನೆ. ತೂತಿಗೆ ಮರ ತುಂಬಿ ಅಂಟು ಹಾಕಿದರೂ ಅದು ಭಾರ ಹೊರುವುದಿಲ್ಲ, ಹಾಗಾಗಿ ಅಲ್ಲಿ ಅಗಲ ಇನ್ನೂ ಜಾಸ್ತಿ ಬೇಕು.

ಬಿಲ್ಲು ಸುಮ್ನೆ ಸ್ಕೇಲ್ ಇಟ್ಟ ಹಾಗೆ ನೇರ ಇರಬೇಕಿಲ್ಲ. ಎಳೆ ಹಾವಿನಂತೆ ಹೋದರೆ ತೋಳೂ ಹಾಗೇ ಹೋಗಲಿ. ಹೆದೆ ಹಿಡಿಯ ಮೇಲೆ ಸರಿಯಾಗಿ ಬಂದರೆ ಸಾಕು.

ಇದು ನಾನು ಕಂಡುಹಿಡಿದದ್ದಲ್ಲ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಯೂ ಎಂಬ ಮರದ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕಿವೆ. ಅವುಗಳಲ್ಲೂ ಗಂಟಿನ ಸುತ್ತ ಮರವನ್ನು ಉಬ್ಬಾಗಿಯೇ ಬಿಟ್ಟಿದ್ದಾರೆ. ಅದನ್ನು ಓದಿದ ದಿನ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

ದಯವಿಟ್ಟು ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ. ಜೊತೆಗೆ ಗಂಟಿರುವ ಬಿಲ್ಲಿನ ಚಿತ್ರವನ್ನು ಪಕ್ಕದಿಂದ ತೆಗೆದು ಪ್ರಕಟಿಸಿ, ಉಬ್ಬು ಎದ್ದು ಕಾಣುವ ಹಾಗೆ. ಚಿತ್ರ ಬೇಕಿದ್ದರೆ ನನ್ನ ಬಿಲ್ಲನ್ನೇ ಕಳಿಸಿಕೊಡುತ್ತೇನೆ. ಅದರ ಬೆನ್ನಿನ ಮೇಲೆ ಐದು ಗಂಟುಗಳಿವೆ.

ಇಂತಿ,
ನಿಮ್ಮ ಓದುಗ