ಮಗಳಿಗೊಂದು ಪತ್ರ: ನಾಲ್ಕು ಕೆ.ಜಿ.

ದಾವಣಗೆರೆ

ಮಗಳೇ,

ಕುಸ್ತಿಯ ಆಯ್ಕೆ ಪಂದ್ಯಕ್ಕಾಗಿ 57ರಿಂದ 53 ಕೆ.ಜಿ. ವಿಭಾಗಕ್ಕೆ ಇಳಿಯುತ್ತೇನೆಂದು ನಿನ್ನೆ ನೀನು ಹೇಳಿದಾಗ ನಾನು ಕೂಗಾಡಿದೆ, ನೀನು ಫೋನು ಇಟ್ಟೆ. ಕೂಗಿದ ಕಾರಣವನ್ನು ಬಾಯಲ್ಲಿ ಹೇಳಲಾರದೆ ಬರೆಯುತ್ತಿದ್ದೇನೆ.

ದುಗ್ಗಮ್ಮನ ಜಾತ್ರೆಯ ಕುಸ್ತಿಗಳನ್ನೆಲ್ಲ ನೀನು ಕೇಳಿ ಬಲ್ಲೆ. ಅಲ್ಲಿ ಹಿರಿಯರು ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತಿದ್ದರು. ತಕ್ಕಡಿ ಎದುರಾದದ್ದು ಮಣ್ಣಿನ ಮಟ್ಟಿ ಬಿಟ್ಟು ಮ್ಯಾಟಿಗೆ ಹೋದ ಮೇಲೆ. 1994ರಲ್ಲಿ ನನ್ನ ಮೈತೂಕ 61, ನಾನು ಹೆಸರು ಕೊಟ್ಟದ್ದು 57ಕ್ಕೆ. ಎರಡು ದಿನ ನೀರು ಮುಟ್ಟಲಿಲ್ಲ. ಸ್ವೆಟರಿನ ಮೇಲೆ ಮಳೆಕೋಟು ತೊಟ್ಟು ಓಡಿದೆ, ಹುಣಸೆಬೀಜ ಬಾಯಲ್ಲಿಟ್ಟುಕೊಂಡು ಉಗುಳುಗುಳಿ ಟವೆಲು ತೋಯಿಸಿದೆ. ರಾತ್ರಿಯೆಲ್ಲ ಲಾಡ್ಜಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಎದ್ದು ಹೋಗಿ ಅದರ ಕೆಳಗೆ ಬಟ್ಟೆ ಹಾಸಿ ಬಂದೆ, ಆದರೂ ಆ ಸದ್ದು ಕಿವಿಯಲ್ಲಿ ನಿಲ್ಲಲಿಲ್ಲ, ಇಂದಿಗೂ ನಿಂತಿಲ್ಲ. ಮರುದಿನ ಸಂಜೆ ತೂಕಕ್ಕೆ ಬಂದೆ. ಆಮೇಲೆ ಕುಡಿದ ನೀರೆಲ್ಲ ವಾಂತಿಯಾಯಿತು. ಬೆಳಿಗ್ಗೆ ಎರಡನೆಯ ಕುಸ್ತಿಯಲ್ಲಿ ಎದುರಾಳಿ ಮುಟ್ಟುವ ಮೊದಲೇ ಮೀನಖಂಡ ಸೆಟೆದು, ಕಾಲು ತಿರುಚಿ, ಮಂಡಿ ಹೋಯಿತು. ಅವನು ಎತ್ತಿ ಎಸೆದದ್ದರಿಂದ ಹೋಯಿತೆಂದು ಊರಿಗೆ ಹೇಳಿದೆ, ನಿನಗೂ ಅದನ್ನೇ ಹೇಳಿ ಬೆಳೆಸಿದೆ. ಆ ಹುಡುಗನ ಕೈ ನನ್ನ ಮೈಮೇಲಿರಲಿಲ್ಲ, ತಾಯಿ. ನಾನು ಉಸ್ತಾದನಾದದ್ದು ಆ ಸುಳ್ಳಿನ ಮೇಲೆ.

ಇನ್ನೊಂದು ತಪ್ಪೂ ನನ್ನದೇ. ಹದಿನಾಲ್ಕನೆಯ ವಯಸ್ಸಿನಲ್ಲಿ ನೀನು ರಾತ್ರಿಯ ರೊಟ್ಟಿ ಬಿಟ್ಟು ತೂಕಕ್ಕೆ ಬಂದಾಗ, ಗರಡಿಯ ಹುಡುಗರೆಲ್ಲರ ಎದುರು ನಿನ್ನ ಬೆನ್ನು ತಟ್ಟಿದವನು ನಾನು. ಹೀಗಿರುವಾಗ ನಿನ್ನೆ ಯಾವ ಮುಖದಿಂದ ಕೂಗಿದೆನೋ ತಿಳಿಯದು. ಕ್ಷಮಿಸು.

ಆದರೂ ಕೇಳು. ನಮಗೆ ಸುಧಾರಿಸಿಕೊಳ್ಳಲು ಒಂದು ರಾತ್ರಿಯಾದರೂ ಇತ್ತು. 2018ರಿಂದ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಸ್ಪರ್ಧೆಯ ಬೆಳಿಗ್ಗೆಯೇ ತೂಗುತ್ತಾರೆ, ಎರಡನೆಯ ದಿನ ಮತ್ತೆ ತೂಗುತ್ತಾರೆ. 53ರಲ್ಲಿ ಆಡುತ್ತಿದ್ದ ವಿನೇಶ್ ಫೋಗಟ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ 50ಕ್ಕೆ ಇಳಿದು, ಮೊದಲ ದಿನ ಮೂರು ಕುಸ್ತಿ ಗೆದ್ದು, ಫೈನಲ್ಲಿನ ಬೆಳಿಗ್ಗೆ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ಅವರ ಸುತ್ತ ವೈದ್ಯರಿದ್ದರು. ನಿನ್ನ ಹಾಸ್ಟೆಲಿನ ಕೋಣೆಯಲ್ಲಿ ಯಾರಿದ್ದಾರೆ?

ಅಪ್ಪನಾದವನು ಬರೆಯಬಾರದೆಂದು ನೀನು ಸಿಟ್ಟಾಗಬಹುದು, ಆದರೆ ಮೂರು ತಿಂಗಳಿಂದ ನೀನು ಮುಟ್ಟಾಗಿಲ್ಲವೆಂದು ನಿನ್ನ ಅವ್ವ ಅತ್ತಳು. ಅನ್ನ ಸಾಲದ ಮೈಯಲ್ಲಿ ಮುಟ್ಟು ನಿಂತರೆ ಮೂಳೆಯೂ ಸವೆಯುತ್ತದೆ. ಮೊದಲು ವೈದ್ಯರನ್ನು ಕಾಣು. ಪಂದ್ಯ ತಪ್ಪಿದರೆ ತಪ್ಪಲಿ.

57ರಲ್ಲಿ ನಿನ್ನೆದುರಿಗಿರುವವಳು ಗಟ್ಟಿಗಿತ್ತಿಯೆಂದು ನನಗೆ ಗೊತ್ತು. ನಿನ್ನ ಧೋಬಿ ಪಟ್ಟಿನ ವೇಗ ಮಾತ್ರ ಅವಳಿಗಿಲ್ಲ; ನನ್ನ ಹರೆಯದಲ್ಲಿ ನನಗೂ ಇರಲಿಲ್ಲ.

ಅವ್ವ ಶೇಂಗಾ ಹಿಂಡಿ, ರೊಟ್ಟಿ ಕಳಿಸಿದ್ದಾಳೆ. ಭಾನುವಾರ ಫೋನು ಮಾಡು. ತೂಕ ಎಷ್ಟೆಂದು ಕೇಳುವುದಿಲ್ಲ.

ನಿನ್ನ ಅಪ್ಪಾಜಿ